ದವಡೆ ಬಿಗಿಯುವ ಹೊತ್ತು

ಹೋದ ವರ್ಷ ಆಷಾಢದ ಒಂದು ಬೆಳಿಗ್ಗೆ ಮೊಸರವಲಕ್ಕಿ ತಿನ್ನುತ್ತಿದ್ದಾಗ ನನ್ನ ಬಲಗಡೆಯ ದವಡೆಹಲ್ಲೊಂದು ಸೀಳಿತು. ಬಾಯಿಗೆ ಕಲ್ಲು ಸಿಕ್ಕಿರಲಿಲ್ಲ, ಗಟ್ಟಿಯಾದದ್ದೇನೂ ಇರಲಿಲ್ಲ. ನೆನೆದು ಮೆತ್ತಗಾದ ಅವಲಕ್ಕಿ, ಅಷ್ಟೇ. ಟಕ್ಕೆಂದ ಸದ್ದು ಕಿವಿಯ ಒಳಗಿನಿಂದ ಬಂದ ಹಾಗಿತ್ತು. ಆಮೇಲೆ ತಣ್ಣೀರು ಕುಡಿದರೆ ನೆತ್ತಿಯವರೆಗೂ ಜುಂ ಎನ್ನುವ ನೋವು.

ಎರಡು ದಿನ ಲವಂಗ ಕಚ್ಚಿಕೊಂಡು ಕೆಲಸಕ್ಕೆ ಹೋದೆ. ಮೂರನೆಯ ಸಂಜೆ ವಿನೋಬನಗರದ ನಮ್ಮ ಮನೆಯ ಹತ್ತಿರವೇ ಇರುವ ದಂತವೈದ್ಯೆಯ ಬಳಿ ಹೋದಾಗ ಅವರು ಬಾಯೊಳಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಸೀಳಿದ ಹಲ್ಲನ್ನು ಮಾತ್ರವಲ್ಲ, ಎಲ್ಲವನ್ನೂ. ಆಮೇಲೆ ಕೇಳಿದರು, "ರಾತ್ರಿ ಹಲ್ಲು ಕಡೀತೀರಾ?"

"ಇಲ್ಲ" ಎಂದೆ. ಪಕ್ಕದಲ್ಲಿ ನಿಂತಿದ್ದ ನಮ್ಮ ಯಜಮಾನರು ತಗ್ಗಿದ ದನಿಯಲ್ಲಿ, "ಕಡೀತಾಳೆ ಡಾಕ್ಟ್ರೇ. ಎರಡು ವರ್ಷ ಆಯ್ತು. ಪಾಪ, ನಿದ್ದೆ ಕೆಡೋದು ಬೇಡ ಅಂತ ಎಬ್ಬಿಸ್ತಿರಲಿಲ್ಲ" ಎಂದರು.

ಡಾಕ್ಟರು ಪುಟ್ಟ ಕನ್ನಡಿ ಕೊಟ್ಟು ತೋರಿಸಿದರು. ದವಡೆಹಲ್ಲಿನ ಮೇಲೆ ಇರಬೇಕಾದ ಸಣ್ಣ ಸಣ್ಣ ಉಬ್ಬುಗಳು ಸವೆದು ಮಟ್ಟಸವಾಗಿದ್ದವು, ಹಳೇ ಬೀಸುಕಲ್ಲಿನ ಹಾಗೆ. ಕಿವಿಯ ಕೆಳಗೆ, ಕೆನ್ನೆಯ ಮೂಲೆಯಲ್ಲಿ ಬೆರಳಿಟ್ಟು ಒತ್ತಿದಾಗ ನನಗೆ ಗೊತ್ತಿಲ್ಲದೆ ಕಣ್ಣಲ್ಲಿ ನೀರು ಬಂತು. ಅಲ್ಲಿನ ಸ್ನಾಯು ಒಣಗಿದ ಹಗ್ಗದ ಗಂಟಿನಂತೆ ಗಟ್ಟಿಯಾಗಿತ್ತು. "ಏನಾದ್ರೂ ಟೆನ್ಷನ್ ಇದೆಯಾ?" ಎಂದು ಕೇಳಿದರು. ಎಲ್ಲರಿಗೂ ಇರುವಷ್ಟು ಎಂದೆ. ಆ ಉತ್ತರ ನಿಜ ಎಂದೇ ಆಗ ನಂಬಿದ್ದೆ.

ಹಲ್ಲು ಕಡಿಯುವುದಕ್ಕೆ ಒತ್ತಡ ಒಂದೇ ಕಾರಣವಲ್ಲ ಎಂದೂ ಅವರೇ ಹೇಳಿದರು. ನಿದ್ದೆಯ ತೊಂದರೆಯಿಂದ, ಕೆಲವು ಮಾತ್ರೆಗಳಿಂದ, ಕಾಫಿ–ಟೀ ಜಾಸ್ತಿಯಾದರೂ ಆಗಬಹುದಂತೆ. ಹಲ್ಲಿಗೆ ಕ್ಯಾಪ್ ಹಾಕಿದರು, ರಾತ್ರಿ ಹಲ್ಲಿಗೆ ಹಾಕಿಕೊಳ್ಳಲು ನೈಟ್ ಗಾರ್ಡ್ ಎಂಬ ಪಾರದರ್ಶಕವಾದ ಕವಚ ಮಾಡಿಸಿಕೊಟ್ಟರು. ಹೊರಡುವಾಗ ಒಂದು ಮಾತು ಹೇಳಿದರು. ಒಂದು ವರ್ಷ ನನ್ನ ಜೊತೆ ನಡೆದುಬಂದದ್ದು ಆ ಮಾತೇ. "ಸುಮ್ಮನೆ ಕೂತಿರುವಾಗ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದಕ್ಕೊಂದು ತಾಗಿರಬಾರದು. ತುಟಿ ಮುಚ್ಚಿರಬೇಕು, ಹಲ್ಲಿನ ನಡುವೆ ಸಂದು ಇರಬೇಕು. ಹಗಲು ಹೊತ್ತು ಇದನ್ನು ಗಮನಿಸಿ."

ಓದುತ್ತಿರುವ ನೀವೂ ಈಗ ಒಮ್ಮೆ ನೋಡಿಕೊಳ್ಳಿ. ನನಗೆ ಈ ಸಂಗತಿ 46 ವರ್ಷದವರೆಗೆ ಗೊತ್ತಿರಲಿಲ್ಲ.

ನಾನು ಬ್ಯಾಂಕೊಂದರಲ್ಲಿ ಕ್ಯಾಷಿಯರ್. ವಾಸ ಶಿವಮೊಗ್ಗ, ಕೆಲಸ ತೀರ್ಥಹಳ್ಳಿಯಲ್ಲಿ. ಹೋಗುವಾಗ 60 ಕಿಲೋಮೀಟರ್, ಬರುವಾಗ 60. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿಕೊಂಡು ತುಂಗೆಯ ಪಕ್ಕದಲ್ಲೇ ಹೋಗುವ ದಾರಿ. ನೋಡುವವರಿಗೆ ಬಹಳ ಚೆಂದ. ಬೇಸಿಗೆಯಲ್ಲಿ ನೆಂಟರು ಬಂದರೆ ಈ ದಾರಿಯ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮನೆಯಲ್ಲಿ ಯಜಮಾನರು, ದ್ವಿತೀಯ ಪಿಯುಸಿ ಓದುತ್ತಿದ್ದ ಮಗ, ಅತ್ತೆ. ಅತ್ತೆಯ ತವರು ಕೊಪ್ಪದ ಕಡೆ. ಅವರ ಬಾಯಲ್ಲಿ 'ಟೆನ್ಷನ್' ಎಂಬ ಪದ ಬರುವುದಿಲ್ಲ, 'ಮಂಡೆಬಿಸಿ' ಎನ್ನುತ್ತಾರೆ. "ಎಂತ ಮಾರಾಯ್ತಿ, ಇವತ್ತೂ ಮಂಡೆಬಿಸಿಯಾ?" ಎಂದು ನನ್ನ ಚೀಲ ತೆಗೆದುಕೊಳ್ಳುತ್ತಲೇ ಕೇಳುತ್ತಾರೆ.

ಹಗಲು ಗಮನಿಸಿ ಎಂದರೇನೋ ಸರಿ, ನೆನಪಾಗಬೇಕಲ್ಲ! ಅದಕ್ಕೆ ಒಂದು ಹಾಳೆ ಕೆಂಪು ಸ್ಟಿಕ್ಕರ್ ಬಿಂದಿ ತಂದೆ. ನೋಟು ಎಣಿಸುವ ಯಂತ್ರದ ಮೂಲೆಗೊಂದು, ಕಂಪ್ಯೂಟರ್ ಪರದೆಯ ಅಂಚಿಗೊಂದು, ಮೊಬೈಲಿನ ಹಿಂದೆ ಒಂದು, ಟಿಫಿನ್ ಡಬ್ಬಿಯ ಮುಚ್ಚಳಕ್ಕೊಂದು, ಮನೆಯ ಮಿಕ್ಸಿಗೊಂದು ಅಂಟಿಸಿದೆ. ಕಣ್ಣಿಗೆ ಬಿದ್ದಾಗೆಲ್ಲ ಹಲ್ಲು ತಾಗಿದೆಯೇ ಎಂದು ನೋಡಿಕೊಳ್ಳುವುದು, ತಾಗಿದ್ದರೆ ಬಿಡಿಸುವುದು. ಹಳೇ ಡೈರಿಯ ಹಿಂದಿನ ಪುಟದಲ್ಲಿ ಹೊತ್ತು ಬರೆದು ಒಂದು ಗೀಟು ಎಳೆಯುವುದು. ಮೂರು ವಾರ ಹಾಗೆ ಮಾಡಿದೆ.

ಕೌಂಟರಿನ ಮುಂದೆ ಜನ ತುಂಬಿದಾಗಲೇ ದವಡೆ ಬಿಗಿಯುತ್ತದೆ ಎಂದುಕೊಂಡಿದ್ದೆ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ಸುದ್ದಿ ಹಬ್ಬಿದ ದಿನ ನಮ್ಮ ಶಾಖೆಯ ಬಾಗಿಲವರೆಗೆ ಹೆಂಗಸರ ಸಾಲು ಇರುತ್ತದೆ. ಒಳಗಿನ ಹಳ್ಳಿಗಳಿಂದ ಎರಡು ಬಸ್ಸು ಬದಲಿಸಿ ಬಂದವರು. "ನಂದು ಬಂದಿದೆಯಾ ನೋಡಿ ಅಕ್ಕ" ಎಂದು ಪಾಸ್‌ಬುಕ್ ಚಾಚುತ್ತಾರೆ. ಬಂದಿಲ್ಲದಿದ್ದರೆ ಆಧಾರ್ ಜೋಡಣೆ ಬೇರೆ ಯಾವ ಖಾತೆಗಾಗಿದೆ, ಎಲ್ಲಿ ವಿಚಾರಿಸಬೇಕು ಎಂದು ಒಬ್ಬೊಬ್ಬರಿಗೂ ಹೇಳಬೇಕು. ಸಂಜೆಗೆ ಗಂಟಲು ಒಣಗಿರುತ್ತದೆ. ಆದರೆ ಡೈರಿಯಲ್ಲಿ ಆ ಹೊತ್ತಿನ ಗೀಟುಗಳೇ ಇರಲಿಲ್ಲ. ಯೋಚಿಸಿದರೆ ಸರಳ: ಮಾತಾಡುವವಳು ಹಲ್ಲು ಕಚ್ಚಿಕೊಂಡಿರಲು ಆಗುವುದಿಲ್ಲ. ಅಷ್ಟೇ ಅಲ್ಲ, ಎದುರಿಗೆ ಒಬ್ಬರು ನಿಂತು ಕೇಳುತ್ತಾರೆ, ನಾನು ಏನೋ ಮಾಡುತ್ತೇನೆ, ಅವರು ಹೋಗುತ್ತಾರೆ. ಆ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಗೀಟುಗಳು ಗುಂಪುಗೂಡಿದ್ದು ಮೂರು ಕಡೆ. ಮಧ್ಯಾಹ್ನ ಮೂರೂಕಾಲರಿಂದ ನಾಲ್ಕರವರೆಗೆ. ಸಂಜೆ ಬಸ್ಸಿನಲ್ಲಿ ಮಂಡಗದ್ದೆಯ ಆಸುಪಾಸು. ಭಾನುವಾರ ರಾತ್ರಿ ಎಂಟೂವರೆಯ ಮೇಲೆ.

ಮೊದಲನೆಯದು ಕ್ಯಾಶ್ ಮುಚ್ಚುವ ಹೊತ್ತು. ಕಂಪ್ಯೂಟರಿನಲ್ಲಿರುವ ಮೊತ್ತಕ್ಕೂ ಡ್ರಾಯರಿನಲ್ಲಿರುವ ನೋಟಿಗೂ ತಾಳೆಯಾಗಬೇಕು. 100 ನೋಟಿಗೊಂದು ಪ್ಯಾಕೆಟ್, 10 ಪ್ಯಾಕೆಟ್ಟಿಗೊಂದು ಬಂಡಲ್. ಶಾರ್ಟ್ ಬಂದರೆ, ಅಂದರೆ ನೋಟು ಕಡಿಮೆಯಾದರೆ, ಕೈಯಿಂದ ಕಟ್ಟಬೇಕು. ಕಟ್ಟಿದ್ದೇನೆ, ಎರಡು ಸಲ. ಆದರೆ ಹಣಕ್ಕಿಂತ ಹೆಚ್ಚು ಹಿಂಡುವುದು ಆ ಅರ್ಧ ಗಂಟೆ. ಬೇರೆಯವರೆಲ್ಲ ಚೀಲ ಎತ್ತಿಕೊಳ್ಳುತ್ತಿರುತ್ತಾರೆ, ನಾನು ಇನ್ನೂ ಎಣಿಸುತ್ತಿರುತ್ತೇನೆ. ನನ್ನಿಂದಾಗಿ ಮ್ಯಾನೇಜರೂ ಹೊರಡುವಂತಿಲ್ಲ.

ಹಲ್ಲು ಸೀಳುವುದಕ್ಕೆ ವಾರ ಮೊದಲು 4,500 ರೂಪಾಯಿ ಶಾರ್ಟ್ ಬಂದಿತ್ತು. ನಾಲ್ಕು ಸಲ ಎಣಿಸಿದೆ. ಕೈ ನಡುಗುತ್ತಿದ್ದರಿಂದ ಐದನೆಯ ಸಲ ಬೇರೆಯೇ ಮೊತ್ತ ಬಂತು. ಆಗ ನೆನಪಾದದ್ದು, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೆಡ್ ಕ್ಯಾಷಿಯರಾಗಿದ್ದ ಹಿರಿಯರ ಮಾತು. "ವ್ಯತ್ಯಾಸ ಒಂಬತ್ತರಿಂದ ಭಾಗವಾದ್ರೆ ನೋಟು ಎಣಿಸ್ತಾ ಕೂರಬೇಡಮ್ಮ, ವೋಚರ್ ನೋಡು." ಅಂಕಿ ಹಿಂದುಮುಂದಾದರೆ, ಒಂದು ಸೊನ್ನೆ ಹೆಚ್ಚು–ಕಮ್ಮಿಯಾದರೆ, ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 4,500 ಭಾಗವಾಗುತ್ತದೆ. ವೋಚರ್ ತಿರುವಿದೆ. ಅಜ್ಜನೊಬ್ಬ ಕಟ್ಟಿದ್ದ 500 ರೂಪಾಯಿಯನ್ನು ನಾನು 5,000 ಎಂದು ಒತ್ತಿದ್ದೆ. ಐದು ನಿಮಿಷದಲ್ಲಿ ಸಿಕ್ಕಿತು. ಆದರೆ ಅದಕ್ಕೆ ಮುಂಚಿನ ನಲವತ್ತು ನಿಮಿಷ ಎಲ್ಲಿಗೆ ಹೋಯಿತು? ದವಡೆಗೆ ಹೋಗಿತ್ತು ಎಂದು ಈಗ ಗೊತ್ತು.

ಆ ದಿನವೂ ಸರಿಹೋದ ಮೇಲೆ ಬಸ್ಸು ಹತ್ತಿದೆನಲ್ಲ, ಎಲ್ಲ ಮುಗಿದಿತ್ತು. ಕಿಟಕಿಯಾಚೆ ತುಂಗೆ ತುಂಬಿ ಹರಿಯುತ್ತಿತ್ತು. ಮಂಡಗದ್ದೆಯಲ್ಲಿ ಹೊಳೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುವ ಕಾಲ. ನಾನು ಅದನ್ನು ನೋಡಲಿಲ್ಲ. ಆ ಅಜ್ಜ ಮರುದಿನ ಪಾಸ್‌ಬುಕ್ ಹಿಡಿದುಕೊಂಡು ಬಂದಿದ್ದರೆ, ಅಷ್ಟರಲ್ಲಿ ಅವರು ಆ ಹಣ ತೆಗೆದುಕೊಂಡುಬಿಟ್ಟಿದ್ದರೆ, ಮ್ಯಾನೇಜರ್ ಏನೆನ್ನುತ್ತಿದ್ದರು, ನಾನೇನು ಹೇಳುತ್ತಿದ್ದೆ. ಆಗದೇ ಇದ್ದ ಜಗಳವೊಂದನ್ನು ಸಕ್ರೆಬೈಲಿನವರೆಗೂ ಆಡಿದೆ. ಬಿಂದಿಗಳ ಲೆಕ್ಕ ಶುರುವಾದ ಮೇಲೆ ತಿಳಿಯಿತು, ಇದು ಒಂದು ದಿನದ ಕಥೆಯಲ್ಲ, ದಿನಾ ಸಂಜೆ ನಡೆಯುವುದು.

ನೋಟು ರದ್ದತಿಯ ಕಾಲದ್ದೇ ನಿನ್ನ ದೊಡ್ಡ ಟೆನ್ಷನ್ ಅಲ್ಲವಾ ಎಂದು ಬಹಳ ಜನ ಕೇಳಿದ್ದಾರೆ. 2016ರ ನವೆಂಬರ್ 10ರಂದು ಬ್ಯಾಂಕಿನ ಬಾಗಿಲು ತೆಗೆದಾಗ ಇದ್ದ ಜನಸಾಗರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಊಟವಿಲ್ಲದೆ ಎಣಿಸಿದ್ದೇವೆ. ಆದರೆ ಡಿಸೆಂಬರ್ 30 ಎಂಬ ಕೊನೆಯ ದಿನ ಗೋಡೆಯ ಮೇಲಿತ್ತು. ಶಾಖೆಯವರೆಲ್ಲ ಒಂದೇ ದೋಣಿಯಲ್ಲಿದ್ದೆವು, ಒಬ್ಬರ ಡಬ್ಬಿಯಲ್ಲಿ ಇನ್ನೊಬ್ಬರು ಉಂಡೆವು. ಆ ಕಷ್ಟ ನನ್ನ ಹಲ್ಲು ಮುರಿಯಲಿಲ್ಲ. ಕೊನೆಯ ದಿನ ಎಂಬುದೇ ಇಲ್ಲದ, ಯಾರಿಗೂ ಹೇಳಿಕೊಳ್ಳುವಷ್ಟು ದೊಡ್ಡದೂ ಅಲ್ಲದ ಈ ಮೂರೂಕಾಲರ ಸಂಕಟ ಮುರಿಯಿತು.

ಇದಕ್ಕೆ ದೇಹದೊಳಗೆ ಏನಾಗುತ್ತದೆ ಎಂದು ಆಮೇಲೆ ಕೂತು ಓದಿದೆ. ಅಪಾಯ ಎಂದು ಮಿದುಳಿಗೆ ಅನ್ನಿಸಿದ ಕೂಡಲೇ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಬರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಕಾರ್ಟಿಸಾಲ್ ಬರುತ್ತದೆ. ಎದೆ ಬಡಿತ ಏರುತ್ತದೆ, ರಕ್ತಕ್ಕೆ ಹೆಚ್ಚು ಸಕ್ಕರೆ ಸೇರುತ್ತದೆ, ಸ್ನಾಯುಗಳು ಬಿಗಿಯಾಗುತ್ತವೆ. ಹೋರಾಡು, ಇಲ್ಲವೇ ಓಡು ಎಂಬ ಸಿದ್ಧತೆ ಇದು. ವಾಲ್ಟರ್ ಕ್ಯಾನನ್ ಎಂಬ ಅಮೆರಿಕದ ವಿಜ್ಞಾನಿ ನೂರು ವರ್ಷಕ್ಕೂ ಹಿಂದೆ ಇದನ್ನು ವಿವರಿಸಿದ್ದರು. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬುವರು ಮಾಂಟ್ರಿಯಲ್‌ನಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದ ಪುಟ್ಟ ವರದಿ ಪ್ರಕಟಿಸಿದರು. ಚಳಿ, ಗಾಯ, ಅತಿಯಾದ ದುಡಿಮೆ, ವಿಷ, ಯಾವ ಕಷ್ಟ ಕೊಟ್ಟರೂ ಇಲಿಗಳ ಒಳಗೆ ಆದ ಕೇಡು ಒಂದೇ ಬಗೆಯದ್ದು: ಅಡ್ರಿನಲ್ ಗ್ರಂಥಿ ಉಬ್ಬಿತ್ತು, ರೋಗ ತಡೆಯುವ ಅಂಗಾಂಶ ಕುಗ್ಗಿತ್ತು, ಹೊಟ್ಟೆಯಲ್ಲಿ ಹುಣ್ಣಾಗಿತ್ತು. ನನ್ನನ್ನು ತಟ್ಟಿದ್ದು ಇದೇ. ಹುಲಿ ಬಂದರೂ, 4,500 ಶಾರ್ಟ್ ಬಂದರೂ, ಬಸ್ಸಿನಲ್ಲಿ ಕೂತು ಬರೀ ಊಹಿಸಿಕೊಂಡರೂ ಒಳಗೆ ಹೊತ್ತಿಕೊಳ್ಳುವ ಒಲೆ ಒಂದೇ. ಹುಲಿಯಾದರೆ ಓಡಿ ಉರಿ ತೀರಿಸಿಕೊಳ್ಳಬಹುದಿತ್ತು. ನಾನು ಕಿಟಕಿ ಸೀಟಿನಲ್ಲಿ ಅಲುಗಾಡದೆ ಕೂತಿರುತ್ತಿದ್ದೆ, ಎಲ್ಲ ಬಿಗಿಯೂ ದವಡೆಯಲ್ಲಿ.

ಅತ್ತೆಗೆ ಇದನ್ನು ಓದಿ ಹೇಳಿದೆ. "ಅದನ್ನೇ ನಾವು ಮಂಡೆಬಿಸಿ ಅಂದಿದ್ದು" ಎಂದರು.

ಹೊತ್ತು ಗೊತ್ತಾದ ಮೇಲೆ ಮಾಡಬೇಕಾದ್ದು ಕಾಣತೊಡಗಿತು. ಅದಕ್ಕೆ ಮುಂಚೆಯೂ ಏನೂ ಮಾಡಿರಲಿಲ್ಲ ಎಂದಲ್ಲ. ಬೆಳಿಗ್ಗೆ ಐದಕ್ಕೆದ್ದು ಯೋಗ ಎಂದು ಹೊರಟು, ಅಡುಗೆ ತಡವಾಗಿ, ಬಸ್ಸು ತಪ್ಪಿ, ಇನ್ನಷ್ಟು ಬಿಗಿದುಕೊಂಡಿದ್ದೆ. ಯೋಗ ಒಳ್ಳೆಯದೇ. ಆದರೆ ಬೆಳಗಿನ ಐದು ಗಂಟೆ ನನ್ನ ತೊಂದರೆಯ ಹೊತ್ತಾಗಿರಲಿಲ್ಲ.

ಮೊದಲು ಮ್ಯಾನೇಜರ್ ಹತ್ತಿರ ಹೋದೆ. ಇಷ್ಟು ವರ್ಷ ಕೇಳದವಳು ಈಗ ಕೇಳಿದರೆ ಕೈಲಾಗದವಳು ಎಂದುಕೊಂಡಾರು ಎಂಬ ಅಳುಕು ಬಹಳ ಇತ್ತು. "ಸರ್, ಮಧ್ಯಾಹ್ನ ಒಂದೂವರೆಗೆ ಒಮ್ಮೆ ತಾಳೆ ಮಾಡಿ, ಹೆಚ್ಚಿನ ಕ್ಯಾಶ್ ಒಳಗೆ ಕೊಟ್ಟುಬಿಡ್ತೀನಿ. ಸಂಜೆ ವ್ಯತ್ಯಾಸ ಬಂದ್ರೂ ಅರ್ಧ ದಿನದ್ದು ಮಾತ್ರ ಹುಡುಕಿದ್ರೆ ಸಾಕು" ಎಂದೆ. ಅವರು ಒಂದು ಕ್ಷಣ ನೋಡಿ, "ಮೊದಲೇ ಹೇಳಬಾರದಿತ್ತಾ ಮೇಡಂ?" ಎಂದರು. ಅಷ್ಟೇ. ಈಗ ಊಟಕ್ಕೆ ಮುಂಚೆ ಒಂದು ತಾಳೆ, ಸಂಜೆ ಒಂದು. ನನ್ನ ಮೂರೂಕಾಲು ಪೂರ್ತಿ ಹಗುರವಾಯಿತು ಎಂದು ಹೇಳಲಾರೆ, ಆದರೆ ಮೊದಲು ಎಂಟು–ಹತ್ತು ಗೀಟು ಬೀಳುತ್ತಿದ್ದಲ್ಲಿ ಈಗ ಎರಡೋ ಮೂರೋ.

ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಒತ್ತಡ ಎಂದ ಕೂಡಲೇ ಎಲ್ಲರೂ ಉಸಿರಾಟ, ಧ್ಯಾನ ಎಂದು ಹೇಳಿಕೊಡುತ್ತಾರೆ. ಕೆಲಸದ ಕ್ರಮದಲ್ಲೇ ಇರುವ ತೊಡಕನ್ನು ಉಸಿರಿನಿಂದ ಊದಿ ಹಾರಿಸಲಾಗುವುದಿಲ್ಲ. ಮೂರು ಜನರ ಕೆಲಸವನ್ನು ಒಬ್ಬಳು ಮಾಡುತ್ತಿದ್ದರೆ ಬೇಕಾಗಿರುವುದು ಇನ್ನಿಬ್ಬರು. ಹಾಗೆಂದು ಬಾಯಿಬಿಟ್ಟು ಕೇಳಬೇಕು.

ಉಸಿರನ್ನು ನಾನು ಬಸ್ಸಿಗೆ ಇಟ್ಟುಕೊಂಡೆ. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿ ನೋಡಿ: ಎಳೆದುಕೊಳ್ಳುವಾಗ ಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಮಿದುಳಿನಿಂದ ಎದೆಗೂ ಹೊಟ್ಟೆಗೂ ಇಳಿಯುವ ವೇಗಸ್ ಎಂಬ ನರದ ಕೆಲಸ ಅದು. ಅದಕ್ಕೇ ಬಿಡುವ ಉಸಿರು ಉದ್ದವಾಗಿರಬೇಕು. ನಾಲ್ಕು ಎಣಿಸುತ್ತ ಎಳೆದುಕೊಳ್ಳುತ್ತೇನೆ, ಆರು ಎಣಿಸುತ್ತ ಬಿಡುತ್ತೇನೆ. ನೋಟು ಎಣಿಸುವವಳ ಹೆಬ್ಬೆರಳು ಸೀರೆಯ ಮೇಲೆ ತಾನೇ ಲೆಕ್ಕ ಹಿಡಿಯುತ್ತದೆ. ಮಾಳೂರು ದಾಟಿದ ಮೇಲೆ ಶುರು ಮಾಡಿದರೆ ಮಂಡಗದ್ದೆ ಬರುವಷ್ಟರಲ್ಲಿ ಹಕ್ಕಿಗಳು ಕಣ್ಣಿಗೆ ಬೀಳುತ್ತವೆ. ಈ ಮಳೆಗಾಲದಲ್ಲಿ ಹಾವಕ್ಕಿಯೊಂದು ರೆಕ್ಕೆ ಹರಡಿ ಕೂತಿದ್ದನ್ನು ನೋಡಿದೆ. ಎಷ್ಟೋ ವರ್ಷದಿಂದ ಅದೇ ದಾರಿ, ಆದರೂ ಅದನ್ನು ನೋಡಿದ್ದು ಮೊದಲ ಸಲ.

ಭಾನುವಾರದ ರಾತ್ರಿ ಕಷ್ಟವಾಗಿತ್ತು, ಈಗಲೂ ಬರೆಯಲು ಕಷ್ಟ. ಮಗನ ಕಾಲೇಜಿನ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ಎಂಟೂವರೆಗೆ ವಾರದ ಟೆಸ್ಟಿನ ಅಂಕಪಟ್ಟಿ ಬರುತ್ತಿತ್ತು. ಎಲ್ಲ ಮಕ್ಕಳ ಹೆಸರು, ಎಲ್ಲರ ಅಂಕ, ಮೇಲಿನಿಂದ ಕೆಳಗೆ. ನಾನು ಮೇಲಿನಿಂದ ಹುಡುಕುತ್ತ ಇಳಿಯುತ್ತಿದ್ದೆ. ಎಷ್ಟು ಕೆಳಗಿಳಿದರೆ ದವಡೆ ಅಷ್ಟು ಬಿಗಿ. ಅಂಕ ಕಡಿಮೆ ಬಂತೆಂದು ನಾನು ಯಾವತ್ತೂ ಅವನಿಗೆ ಬೈದಿಲ್ಲ. ಬೈಯದೆ ಇರುವುದೇ ದೊಡ್ಡ ಸಂಯಮ ಎಂದುಕೊಂಡಿದ್ದೆ.

ಡೈರಿಯ ಗೀಟುಗಳನ್ನು ಒಂದು ರಾತ್ರಿ ಅವನೇ ನೋಡಿದ. "ಇದೇನಮ್ಮಾ?" ಎಂದ. ಹೇಳಿದೆ. ಭಾನುವಾರದ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನಿದ್ದ. ಆಮೇಲೆ, "ನೀನು ಆ ಗ್ರೂಪ್ ನೋಡಿದ ಮೇಲೆ ನನಗೆ ಊಟಕ್ಕೆ ಬಡಿಸೋ ಸದ್ದೇ ಬೇರೆ ಇರುತ್ತೆ ಅಮ್ಮಾ. ಸೌಟು ತಟ್ಟೆಗೆ ತಾಗೋದ್ರಲ್ಲೇ ನನಗೆ ನನ್ನ ರ‍್ಯಾಂಕ್ ಗೊತ್ತಾಗುತ್ತೆ" ಎಂದ.

ಆ ರಾತ್ರಿ ನಾನು ಅತ್ತುಬಿಟ್ಟೆ. ಅವನೆದುರಿಗೇ. ನನ್ನ ಒತ್ತಡ ನನ್ನ ಬಾಯೊಳಗೇ ಇದೆ, ಯಾರಿಗೂ ತಾಗುವುದಿಲ್ಲ ಎಂದು ಎರಡು ವರ್ಷ ನಂಬಿದ್ದವಳು ನಾನು.

ಗುಂಪಿನಿಂದ ನಾನು ಹೊರಬಂದೆ, ಯಜಮಾನರು ಉಳಿದುಕೊಂಡರು. ಮುಖ್ಯವಾದ ಸೂಚನೆ ಇದ್ದರೆ ಅವರೇ ಹೇಳುತ್ತಾರೆ. ಅಂಕದ ವಿಷಯ ಮಗನೇ ಹೇಳಿದರೆ ಕೇಳಿಸಿಕೊಳ್ಳುವುದು, ಇಲ್ಲದಿದ್ದರೆ ಇಲ್ಲ. ಮೊದಲ ಎರಡು ಭಾನುವಾರ ಅವನು ಏನೂ ಹೇಳಲಿಲ್ಲ. ಮೂರನೆಯ ಭಾನುವಾರ ದೋಸೆ ಹುಯ್ಯುತ್ತಿದ್ದಾಗ ಪಕ್ಕ ಬಂದು ನಿಂತು, "ಫಿಸಿಕ್ಸ್ ಹೋಯ್ತಮ್ಮಾ ಈ ಸಲ" ಎಂದ. "ಕಾಯಿಚಟ್ನಿ ಹಾಕ್ಲಾ, ಕೆಂಪು ಚಟ್ನಿ ಹಾಕ್ಲಾ?" ಎಂದು ಕೇಳಿದೆ. ಅದನ್ನು ಬಿಟ್ಟು ಬೇರೇನನ್ನೂ ಹೇಳದಿರಲು ನನ್ನ ಶಕ್ತಿಯೆಲ್ಲ ಬೇಕಾಯಿತು.

ಬಿಪಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಹಲ್ಲಿನ ಡಾಕ್ಟರ್ ಅವತ್ತೇ ನೋಡಿದಾಗ 148/94 ಇತ್ತು. ಫಿಸಿಷಿಯನ್ ಹತ್ತಿರ ಹೋದೆ. ಒಂದು ಸಲ ನೋಡಿದ್ದರಿಂದ ತೀರ್ಮಾನ ಬೇಡ, ಮನೆಯಲ್ಲೇ ಕೆಲವು ದಿನ ನೋಡಿ ಬರೆದು ತನ್ನಿ ಎಂದರು. ನೋಡುವ ಮುಂಚೆ ಐದು ನಿಮಿಷ ಸುಮ್ಮನೆ ಕೂರಬೇಕು, ಬೆನ್ನಿಗೆ ಒರಗು ಇರಬೇಕು, ಪಾದ ನೆಲಕ್ಕೆ ತಾಗಿರಬೇಕು, ತೋಳು ಎದೆಯ ಮಟ್ಟಕ್ಕಿರಬೇಕು, ಮಾತಾಡಬಾರದು. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಎಂದರು. ನಮ್ಮ ಕಡೆಯವರಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಬಿಟ್ಟು ಮೊಸರನ್ನ ಉಣ್ಣಿ ಎಂದರೆ ಹೇಗೆ! ವಾರಕ್ಕೆರಡು ಸಲಕ್ಕೆ ಇಳಿಸಿದ್ದೇನೆ. ಟೀ ಆರು ಲೋಟದಿಂದ ಮೂರಕ್ಕೆ ಬಂದಿದೆ, ಮಧ್ಯಾಹ್ನ ಎರಡರ ನಂತರ ಇಲ್ಲ. ಸದ್ಯಕ್ಕೆ ಮಾತ್ರೆ ಬೇಕಾಗಿಲ್ಲ, ಬೇಕಾದರೆ ತೆಗೆದುಕೊಳ್ಳುತ್ತೇನೆ. ಎದೆನೋವು, ಉಸಿರು ಕಟ್ಟುವುದು ಬಂದಾಗ ಮಾತ್ರ ಅದನ್ನು 'ಟೆನ್ಷನ್', 'ಗ್ಯಾಸ್' ಎಂದು ತಳ್ಳಿಹಾಕಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಇನ್ನೊಂದು. ನನ್ನದು ದಿನನಿತ್ಯದ ಒತ್ತಡ, ಬಿಂದಿ ಅಂಟಿಸಿ ಹಿಡಿಯಬಹುದಾದದ್ದು. ನಮ್ಮ ಜೊತೆ ಕೆಲಸ ಮಾಡಿದ ಹುಡುಗಿಯೊಬ್ಬಳಿಗೆ ಅದು ಆ ಗೆರೆ ದಾಟಿತ್ತು. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರದು, ಯಾರ ಜೊತೆಯೂ ಮಾತು ಬೇಡ, ಬದುಕೇ ಬೇಡ ಎನ್ನುವವರೆಗೆ ಹೋಗಿತ್ತು. ಅವಳ ಪಕ್ಕ ಕೂತು 14416ಕ್ಕೆ ಫೋನ್ ಮಾಡಿಸಿದೆ. ಟೆಲಿ ಮಾನಸ್ ಎಂದು ಅದರ ಹೆಸರು. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅವಳು ಈಗ ಚಿಕಿತ್ಸೆಯಲ್ಲಿದ್ದಾಳೆ, ಕೆಲಸಕ್ಕೂ ಬರುತ್ತಿದ್ದಾಳೆ. ಆ ನಂಬರನ್ನು ನಾನು ನೋಟು ಎಣಿಸುವ ಯಂತ್ರದ ಮೇಲೆ, ಬಿಂದಿಯ ಪಕ್ಕದಲ್ಲೇ ಬರೆದು ಅಂಟಿಸಿದ್ದೇನೆ. ಕೌಂಟರಿಗೆ ಬಂದ ಇಬ್ಬರು ಅದನ್ನು ನೋಡಿ ಏನೆಂದು ಕೇಳಿ ಬರೆದುಕೊಂಡು ಹೋದರು.

ಮೊನ್ನೆ ಮಿಕ್ಸಿಯ ಮೇಲಿನ ಬಿಂದಿ ತೊಳೆದು ತೊಳೆದು ಉದುರಿತ್ತು. ಹೊಸದು ಅಂಟಿಸುತ್ತಿದ್ದಾಗ ಅತ್ತೆ, "ನಂಗೂ ಒಂದು ಕೊಡು" ಎಂದರು. ಎಲ್ಲಿಗೆ ಎಂದೆ. ತಮ್ಮ ಮೊಬೈಲ್ ತಂದು ಮುಂದೆ ಹಿಡಿದರು. ನಾದಿನಿ ದುಬೈಯಲ್ಲಿದ್ದಾಳೆ, ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಾಳೆ. ಹತ್ತು ನಿಮಿಷ ತಡವಾದರೂ ಅತ್ತೆ ಒಳಗೂ ಹೊರಗೂ ಓಡಾಡುವುದನ್ನು ನಾವೆಲ್ಲ ನೋಡಿದ್ದೇವೆ, ಯಾರೂ ಅದನ್ನು ಮಂಡೆಬಿಸಿ ಎಂದಿರಲಿಲ್ಲ.

"ನಿಮಗೆ ಕಟ್ಟಿಸಿದ ಹಲ್ಲಲ್ವಾ ಅತ್ತೆ, ರಾತ್ರಿ ತೆಗೆದಿಟ್ಟಿರ್ತೀರಿ" ಎಂದೆ.

"ಹಲ್ಲಲ್ಲ ಮಾರಾಯ್ತಿ. ನಾನು ಸೆರಗು ಹಿಂಡ್ತೇನೆ" ಎಂದು ತಮ್ಮ ಸೀರೆಯ ಸೆರಗಿನ ತುದಿ ಬಿಡಿಸಿ ತೋರಿಸಿದರು. ಹಿಂಡಿ ಹಿಂಡಿ ಅಲ್ಲಿನ ನೂಲು ಜಾಳಾಗಿತ್ತು.

ಅವತ್ತು ರಾತ್ರಿ ಒಂಬತ್ತು ಗಂಟೆಯಾಗಿ ಹನ್ನೆರಡು ನಿಮಿಷಕ್ಕೆ ಫೋನ್ ಬಂತು. ಅತ್ತೆ ಕೂಡಲೇ ಎತ್ತಲಿಲ್ಲ. ಬಿಂದಿ ನೋಡಿದರು, ಎಡಗೈ ಮುಷ್ಟಿಯಲ್ಲಿದ್ದ ಸೆರಗನ್ನು ಬಿಟ್ಟು ತೊಡೆಯ ಮೇಲೆ ಹರವಿ ನೀವಿದರು, ಆಮೇಲೆ "ಹ್ಞಾ, ಹೇಳು ಮಗಾ" ಎಂದರು.